ಕೈತಪ್ಪಿದ ಪಂಡಿತ

ದೋರನಹಳ್ಳಿಯಂಥ ಊರಿನಿಂದ ಸಂಶೋಧನೆಗೆಂದು ಹೊರದೇಶಕ್ಕೆ ಹೋದ ಮಗನನ್ನು ಹಿರಿಯರು ಕೇಳುವುದುಂಟು: "ಅಲ್ಲಿ ಕಾಯಂ ಆಯಿತೇನಪ್ಪಾ?" ಉತ್ತರ ಬಹುಮಟ್ಟಿಗೆ ಕೆಲಸ ಕೊಟ್ಟ ಸಂಸ್ಥೆಯ ಕೈಯಲ್ಲಿರುತ್ತದೆ. ಇದೇ ಪ್ರಶ್ನೆ ಒಮ್ಮೆ ಬೆಂಗಳೂರಿನ ಮುಂದೆಯೂ ಬಂದಿತ್ತು.

ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ 1935ರಲ್ಲಿ ಅವರನ್ನು ಕರೆಸಿಕೊಂಡರು. ಬಾರ್ನ್ ಸುಮಾರು ಆರು ತಿಂಗಳು ಇಲ್ಲಿದ್ದು ಉಪನ್ಯಾಸ ನೀಡಿದರು. ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಕೊಡಿಸಲು ರಾಮನ್ ಶ್ರಮಿಸಿದರು. ಆದರೆ ಸಂಸ್ಥೆಯೊಳಗೇ ವಿರೋಧ ಎದ್ದಿತು; ಪ್ರಯತ್ನ ಕೈಗೂಡಲಿಲ್ಲ.

1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರಿಗೆ ಪೀಠ ನೀಡಿತು. 1939ರಲ್ಲಿ ಬ್ರಿಟನ್ನಿನ ಪೌರತ್ವ ದೊರೆಯಿತು. 1954ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ನಮ್ಮ ಮಕ್ಕಳಿಗೆ ಹೊರನಾಡು ನೆಲೆ ಕೊಡಲೆಂದು ಬಯಸುವ ನಾವು ಈ ಸಂಗತಿಯನ್ನೂ ನೆನೆಯಬೇಕು.