ಮೋಟಾರಿನ ಹಿಂದೀಪ

ಮೋಟಾರು ಕಾರಿನ ದೀಪಗಳಲ್ಲಿ ಮುಂದಿನವು ನಡೆಸುವವನಿಗೆ ದಾರಿ ತೋರುತ್ತವೆ. ಒಳಗಿನವು ವೇಗವೆಷ್ಟು, ಎಣ್ಣೆಯೆಷ್ಟು ಎಂಬುದನ್ನು ತಿಳಿಸುತ್ತವೆ. ಬೆನ್ನಿನ ಮೇಲಿರುವ ಕೆಂಪು ದೀಪ ಮಾತ್ರ ಯಜಮಾನನಿಗೆ ಏನನ್ನೂ ತೋರಿಸುವುದಿಲ್ಲ. ಅದು ಉರಿಯುತ್ತಿದೆಯೋ ಆರಿದೆಯೋ ಎಂಬುದೂ ಕುಳಿತಲ್ಲಿಂದ ಅವನಿಗೆ ಕಾಣದು. ಹಿಂದೆ ಬರುವ ಅಪರಿಚಿತನೊಬ್ಬನಿಗಾಗಿಯೇ ಅದು ಇರುವುದು. ಇಂಗ್ಲಿಷರು ಇದನ್ನು ಟೈಲ್ ಲ್ಯಾಂಪ್, ಎಂದರೆ ಬಾಲದ ದೀಪವೆಂದರು, ನಾವು ಹಿಂದೀಪವೆನ್ನೋಣ. ಪರರಿಗಾಗಿಯೇ ಉರಿಯುವ ಈ ದೀಪದ ಚರಿತ್ರೆ, ಕಣ್ಣಿಗೆ ಕಾಣದ ಕರ್ತವ್ಯವನ್ನು ಮನುಷ್ಯನು ಎಷ್ಟು ನಿಧಾನವಾಗಿ ಕಲಿಯುತ್ತಾನೆ ಎಂಬುದರ ಚರಿತ್ರೆಯೂ ಹೌದು.

ಈ ಪಾಠವನ್ನು ಮೋಟಾರಿಗಿಂತ ಮೊದಲು ಕಲಿತದ್ದು ರೈಲು. ರೈಲಿನ ಕಡೆಯ ಗಾಡಿಗೆ ಕಟ್ಟಿದ ಕೆಂಪು ದೀಪಕ್ಕೆ ಎರಡು ಅರ್ಥಗಳುಂಟು. ಹಿಂದಿನಿಂದ ಬರುವವನಿಗೆ ಅದು 'ನಿಲ್ಲು' ಎನ್ನುತ್ತದೆ; ನಿಲ್ದಾಣದಲ್ಲಿ ನೋಡುತ್ತಿರುವವನಿಗೆ 'ರೈಲು ಪೂರ್ತಿಯಾಗಿ ಬಂದಿದೆ' ಎನ್ನುತ್ತದೆ. ದೀಪ ಕಾಣದಿದ್ದರೆ ಕೆಲವು ಗಾಡಿಗಳು ಕಳಚಿ ಹಳಿಯ ಮೇಲೆಯೇ ಉಳಿದಿರಬಹುದೆಂದು ತಿಳಿದು ಮುಂದಿನ ರೈಲನ್ನು ತಡೆಯಬೇಕು. ನಮ್ಮ ದೇಶದ ರೈಲುಗಳ ಕಡೆಯ ಗಾಡಿಯಲ್ಲಿ ಈಗಲೂ ಹಗಲಿಗೆ 'ಎಲ್.ವಿ.' ಎಂಬ ಫಲಕ, ಇರುಳಿಗೆ ಕೆಂಪು ದೀಪ ಇರುತ್ತವೆ. ಬಣ್ಣದ ವಿಷಯದಲ್ಲಿಯೂ ರೈಲು ಕಷ್ಟಪಟ್ಟೇ ಕಲಿಯಿತು. 19ನೆಯ ಶತಮಾನದಲ್ಲಿ ಬ್ರಿಟನ್ನಿನ ರೈಲುಗಳಿಗೆ ಬಿಳಿಯ ಬೆಳಕೇ 'ಹೋಗು' ಎಂಬ ಸನ್ನೆಯಾಗಿತ್ತು. ಕೆಂಪು ಗಾಜು ಒಡೆದುಹೋದರೆ ಒಳಗಿನ ಬಿಳಿಯ ಬೆಳಕು ಹೊರಬಿದ್ದು, ಅಪಾಯದ ಸನ್ನೆಯೇ ಅಭಯದ ಸನ್ನೆಯಾಗಿಬಿಡುತ್ತಿತ್ತು. ಕಾಲಕ್ರಮದಲ್ಲಿ ಬಿಳಿಯನ್ನು ಬಿಟ್ಟು ಹಸುರನ್ನು ಹಿಡಿದರು.

ಮೋಟಾರಿನ ಕಡೆಗೆ ಬರೋಣ. 1908ರಲ್ಲಿ ಅಮೆರಿಕದಲ್ಲಿ ಹೊರಟ ಫೋರ್ಡ್ ಕಂಪೆನಿಯ ಮಾಡೆಲ್ ಟಿ ಕಾರಿನ ಮುಂದೀಪಗಳು ಕಾರ್ಬೈಡಿನಿಂದ ಹುಟ್ಟುವ ಅಸಿಟಿಲೀನ್ ಅನಿಲದಿಂದ ಉರಿಯುತ್ತಿದ್ದವು. ಹಿಂದೆ ಇದ್ದದ್ದು ಒಂದೇ ಒಂದು ಸೀಮೆ ಎಣ್ಣೆಯ ಬುಡ್ಡಿ. ಅದರ ಹಿಂಬದಿಗೆ ಕೆಂಪು ಗಾಜು. ಪಕ್ಕದಲ್ಲಿ ನಂಬರಿನ ಫಲಕಕ್ಕೆ ಬೆಳಕು ಬೀಳಲೆಂದು ಬಿಳಿಯ ಗಾಜು. ಒಂದೇ ಬತ್ತಿ ಹಿಂದಿನವನಿಗೆ ಎಚ್ಚರಿಕೆ ಕೊಡಬೇಕು, ಪೋಲೀಸಿನವನಿಗೆ ಅಂಕಿ ತೋರಬೇಕು. 1915ರ ವೇಳೆಗೆ ಮುಂದೀಪಗಳಿಗೆ ವಿದ್ಯುತ್ತು ಬಂತು. ಹಿಂದೀಪ ಮಾತ್ರ ಸೀಮೆ ಎಣ್ಣೆಯಲ್ಲಿಯೇ ಉಳಿಯಿತು. 1919ರಿಂದ ಈಚೆಗೆ ವಿದ್ಯುತ್ ಸ್ಟಾರ್ಟರೂ ಬ್ಯಾಟರಿಯೂ ಇದ್ದ ಕಾರುಗಳಲ್ಲಿ ಅದು ಬದಲಾಯಿತು. ತನ್ನ ದಾರಿಗೆ ಬೇಕಾದ ಬೆಳಕು ಮೊದಲು, ಹಿಂದೆ ಬರುವವನದು ಆಮೇಲೆ! 1928ರ ಮಾಡೆಲ್ ಎ ಕಾರಿನಲ್ಲಿ ಬ್ರೇಕು ಒತ್ತಿದಾಗ ಹೊತ್ತಿಕೊಳ್ಳುವ ನಿಲುಗಡೆಯ ದೀಪವೂ ಹಿಂದೀಪದೊಳಗೆ ಸೇರಿತು. ಆದರೂ ಎಡಗಡೆಗೆ ಒಂದೇ ದೀಪ. ಬಲಗಡೆಯದು ಬೇಕೆಂದವರು ಹೆಚ್ಚಿಗೆ ಹಣ ಕೊಡಬೇಕಾಗಿತ್ತು.

ಒಂದು ದೀಪ ಸಾಲದೆ ಎಂದು ಕೇಳಬಹುದು. ಕತ್ತಲೆಯಲ್ಲಿ ಒಂದೇ ಕೆಂಪು ಚುಕ್ಕೆ ಕಂಡರೆ ಅದು ಮೋಟಾರ್ ಸೈಕಲ್ಲೋ ಲಾರಿಯೋ, ಹತ್ತಿರದ್ದೋ ದೂರದ್ದೋ ತಿಳಿಯದು. ಎರಡು ಚುಕ್ಕೆಗಳಿದ್ದರೆ ಸಮೀಪಿಸಿದಂತೆಲ್ಲ ಅವುಗಳ ನಡುವಣ ಅಂತರ ಅಗಲವಾಗುತ್ತ ಬರುತ್ತದೆ. ಕಣ್ಣು ದೂರವನ್ನು ಅಳೆಯುವುದು ಇದರಿಂದಲೇ. ಕಾರಿನ ಒಂದು ಹಿಂದೀಪ ಕೆಟ್ಟರೆ ಬೆಳಕು ಅರ್ಧವಾಗುವುದಲ್ಲದೆ ಈ ಅಳತೆಗೋಲೇ ಕೈತಪ್ಪುತ್ತದೆ.

ಬೆಳಕಿಲ್ಲದ ರಸ್ತೆಯ ಬೆಲೆ ಏನೆಂಬುದನ್ನು ಬ್ರಿಟನ್ನು ಎರಡನೆಯ ಮಹಾಯುದ್ಧದಲ್ಲಿ ಕಂಡಿತು. 1939ರ ಸೆಪ್ಟೆಂಬರ್ 1ರಿಂದ ಶತ್ರುವಿಮಾನಗಳ ಭಯಕ್ಕಾಗಿ ಬೀದಿಯ ದೀಪಗಳನ್ನು ಆರಿಸಿದರು. ಮೋಟಾರಿನ ದೀಪಗಳನ್ನು ಮುಸುಕು ಹಾಕಿ ಮಂದಗೊಳಿಸಿದರು. ಕಾರಿನ ಅಂಚುಗಳಿಗೆ, ಪಾದಪಥದ ಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದುಕೊಂಡರೂ ಫಲ ಸಾಲಲಿಲ್ಲ. 1938ರಲ್ಲಿ ಅಲ್ಲಿಯ ರಸ್ತೆಗಳಲ್ಲಿ ಸತ್ತವರು 6,648 ಮಂದಿ, 1941ರಲ್ಲಿ 9,169. ಪೆಟ್ರೋಲಿಗೆ ಪಡಿತರ ಬಂದು ಕಾರುಗಳ ಓಡಾಟ ತಗ್ಗಿದ್ದರೂ ಸಾವು ಏರಿತು. ಸತ್ತವರಲ್ಲಿ ಕಾಲುನಡೆಯವರೂ ಬಹಳ ಮಂದಿ. ಒಬ್ಬರಿಗೊಬ್ಬರು ಕಾಣಿಸಿಕೊಳ್ಳದೆ ಹೋದುದೇ ಮುಖ್ಯ ಕಾರಣ.

ಯುದ್ಧಾನಂತರದ ಕಥೆಯಲ್ಲಿ ಒಂದು ಪ್ರಯೋಗ ಸ್ಮರಣೀಯವಾದದ್ದು. ಜಾನ್ ವೊಯೆವೊಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೋ ನಗರದ 343 ಟ್ಯಾಕ್ಸಿಗಳ ಬೆನ್ನಿನ ನಡುವೆ ನಿಲುಗಡೆಯ ಮತ್ತೊಂದು ದೀಪವನ್ನಿರಿಸಿದರು. 1974ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಹಿಂದಿನಿಂದ ಬಂದು ಗುದ್ದುವ ಅಪಘಾತಗಳು ನೂರಕ್ಕೆ 60ರಷ್ಟು ಇಳಿದಿದ್ದವು. 1986ರ ಮಾದರಿಯ ಕಾರುಗಳಿಂದ ಅಮೆರಿಕ ಈ ಮೂರನೆಯ ದೀಪವನ್ನು ಕಡ್ಡಾಯ ಮಾಡಿತು. ಎಲ್ಲ ಕಾರುಗಳಿಗೂ ಅದು ಬಂದ ಮೇಲೆ ಸರ್ಕಾರದವರು ಲೆಕ್ಕ ಹಾಕಿ ನೋಡಲು ಲಾಭ ನೂರಕ್ಕೆ 4.3ರ ಬಳಿ ನಿಂತಿತು. ಹೊಸತಾಗಿದ್ದಾಗ ಕಣ್ಣನ್ನು ಎಬ್ಬಿಸಿದ ದೀಪಕ್ಕೆ ಕಣ್ಣು ಒಗ್ಗಿಹೋಗಿತ್ತು. ಉಳಿದ ಆ ನಾಲ್ಕೂ ಅಲ್ಪವಲ್ಲ. ಗುದ್ದುವಿಕೆ ತಪ್ಪಿದ ಪ್ರತಿಯೊಬ್ಬನಿಗೂ ಅದು ಪೂರ್ಣ ಲಾಭವೇ.

ಹೊಸ ಬೆಳಕು ಮುಂದಕ್ಕಿಂತ ಮೊದಲು ಹಿಂದಕ್ಕೆ ಬಂದ ಪ್ರಸಂಗವೂ ಉಂಟು. 1962ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ನಿಕ್ ಹೊಲೊನ್ಯಾಕ್ ಅವರು ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ಮಾಡಿ ತೋರಿಸಿದರು. ತಂತಿಯ ಬಲ್ಬು ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದರಲ್ಲೊಂದು ಭಾಗ ಹಿಡಿಯುತ್ತದೆ; ಎಲ್‌ಇಡಿಗೆ ಆ ತಡವಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವವನು ಅಷ್ಟರಲ್ಲಿ ಐದೂವರೆ ಮೀಟರ್ ಸಾಗಿರುತ್ತಾನೆ. ಒಂದು ಕಾರಿನ ಉದ್ದಕ್ಕಿಂತ ಅದು ಹೆಚ್ಚು.

ತಂತಿಯ ಬಲ್ಬಿನ ಕಾರುಗಳು ಇನ್ನೂ ಬಹಳ ಇವೆಯಾದ್ದರಿಂದ ಅದರ ಮರ್ಮ ತಿಳಿದಿರಬೇಕು. ಎಷ್ಟೋ ಕಾರುಗಳಲ್ಲಿ ಒಂದೇ ಬುರುಡೆಯೊಳಗೆ ಎರಡು ತಂತಿಗಳಿರುತ್ತವೆ: ಇರುಳೆಲ್ಲ ಉರಿಯುವ 5 ವಾಟಿನದೊಂದು, ಬ್ರೇಕಿಗೆ ಹೊತ್ತುವ 21 ವಾಟಿನದೊಂದು. ಸಣ್ಣ ತಂತಿ ಸುಟ್ಟುಹೋದರೂ ದೊಡ್ಡದು ಉರಿಯುತ್ತಿರುತ್ತದೆ. ಹಗಲಲ್ಲಿ ಬ್ರೇಕು ಒತ್ತಿ ನೋಡಿ ದೀಪ ಸರಿಯಿದೆಯೆಂದು ತೃಪ್ತಿಪಡುವವನು ಮೋಸಹೋಗುವುದು ಇಲ್ಲಿಯೇ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಹೊಸ ಬುರುಡೆಯ ವಾಟು ಹಳೆಯದರಷ್ಟೇ ಇರಲಿ. ಅದರ ಎರಡು ಮೊಳೆಗಳು ಬೇರೆ ಬೇರೆ ಎತ್ತರದಲ್ಲಿರುವುದು ತಿರುಗುಮುರುಗಾಗಿ ಕೂಡದಿರಲೆಂದು; ಬಲಾತ್ಕಾರ ಮಾಡಬಾರದು. ಬ್ರೇಕು ಒತ್ತಿದಾಗ ದೀಪ ಹೆಚ್ಚುವ ಬದಲು ಮಂಕಾದರೆ ಬುರುಡೆಯನ್ನು ದೂರಬೇಡಿ. ಭೂಸಂಪರ್ಕದ ತಂತಿಗೋ ಗೂಡಿಗೋ ಕಿಲುಬು ಹಿಡಿದಿರುತ್ತದೆ. ಕೆಂಪು ಹೊದಿಕೆ ಒಡೆದಿದ್ದರೆ, ಹಿಂದೆ ರೈಲಿನ ದೀಪಕ್ಕಾದಂತೆ, ಬಿಳಿಯ ಬೆಳಕು ಸುಳ್ಳು ಹೇಳುತ್ತದೆ, ಅದನ್ನು ಬದಲಿಸಲೇಬೇಕು. ಎಲ್‌ಇಡಿಯಾದರೆ ಸಾಮಾನ್ಯವಾಗಿ ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆ: ಎಷ್ಟೋ ಹೊಸ ಕಾರುಗಳಲ್ಲಿ ಹಗಲುದೀಪ ತಾನಾಗಿ ಹೊತ್ತಿ, ಎದುರಿನ ಅಂಕಿಗಳೂ ಬೆಳಗುತ್ತವೆ, ಹಿಂದೆ ಕತ್ತಲೆಯಿರಬಹುದು. ಗುಂಡಿಯೊತ್ತದೆ ಹೊರಟವನು ದೀಪ ಹಚ್ಚಿದೆನೆಂದೇ ನಂಬಿರುತ್ತಾನೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು. ನಂಬರು 15 ಮೀಟರಿನಿಂದ ಓದಲು ಬರಬೇಕು. ಮಾಡೆಲ್ ಟಿ ಬುಡ್ಡಿಯ ಎರಡು ಕೆಲಸಗಳೇ ಇವು! ನಮ್ಮ ರೈತರೂ ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಲಾಂದ್ರ ತೂಗುಬಿಟ್ಟು ಇರುಳಿನ ಪಯಣ ಮಾಡುತ್ತಿದ್ದರು. ಮಂಡ್ಯ, ಬೆಳಗಾವಿಗಳ ಕಡೆ ಕಬ್ಬು ಹೇರಿಕೊಂಡು ಹಿಂದೆ ಮಿಣುಕು ಬೆಳಕೂ ಇಲ್ಲದೆ ಹೋಗುವ ಟ್ರಾಕ್ಟರಿನ ಟ್ರೇಲರನ್ನು ಕಂಡಾಗ ಆ ಲಾಂದ್ರದ ನೆನಪಾಗದಿರದು.

ಸಂಜೆ ಹೊರಡುವ ಮೊದಲು ಕಾರನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ. ಗೋಡೆಯ ಮೇಲೆ ಎರಡೂ ಕಡೆ ಕೆಂಪು ಬಿದ್ದಿದೆಯೇ ನೋಡಿ. ಇಲ್ಲವೆ ಮನೆಯ ಹುಡುಗನೊಬ್ಬನನ್ನು ಹಿಂದೆ ನಿಲ್ಲಿಸಿ ಕೇಳಿ. ಅರ್ಧ ನಿಮಿಷದ ಕೆಲಸ. ನಮ್ಮ ಹಿಂದೆ ಬರುವವನು ಯಾರೆಂದು ನಮಗೆ ತಿಳಿಯದು. ಅವನ ಹಿಂದೆ ಬರುವವನನ್ನು ಅವನೂ ಅರಿಯ. ಒಬ್ಬೊಬ್ಬನೂ ತನಗೆ ಕಾಣದ ದೀಪವನ್ನು ಕಾಪಾಡಿಕೊಂಡರೆ ಮಾತ್ರ ಎಲ್ಲರೂ ಮನೆ ಸೇರುತ್ತಾರೆ.