ಕಾಫಿ: ಫಿಲ್ಟರು, ಗಡಿಯಾರ ಮತ್ತು ಮಾತ್ರೆ

ಮೆಲ್ಬರ್ನ್ ನಗರದ ಬರ್ಕ್ ಬೀದಿಯಲ್ಲಿ 1954ರಲ್ಲಿ ಬಾಗಿಲು ತೆರೆದ ಪೆಲೆಗ್ರಿನಿಸ್‌ನಂತಹ ಅಂಗಡಿಗಳ ಮೂಲಕ ಇಟಲಿಯ ವಲಸಿಗರು ಎಸ್ಪ್ರೆಸೊವನ್ನು ಈ ನೆಲಕ್ಕೆ ರೂಢಿ ಮಾಡಿಸಿದರು. ತಡವಾಗಿ ಬಂದ ಕನ್ನಡಿಗರು ಸ್ಟೀಲಿನ ಫಿಲ್ಟರನ್ನು ಸೂಟ್‌ಕೇಸಿನಲ್ಲಿ ತಂದರು. ಚಿಕೋರಿ ಬೆರೆಸಿದ ಪುಡಿ ಇಂದು ಸಿಡ್ನಿಯ ವೆಂಟ್‌ವರ್ತ್‌ವಿಲ್‌ನ ದಿನಸಿ ಅಂಗಡಿಗಳಲ್ಲಿಯೇ ದೊರೆಯುತ್ತದೆ. ಆರೋಗ್ಯವಂತರಿಗೆ ಮಿತವಾದ ಕಾಫಿಯಿಂದ ಹಾನಿಯಿಲ್ಲವೆಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ಮಾತು. ಅದನ್ನು ಹೇಗೆ ಇಳಿಸಿದ್ದು, ಯಾವ ಹೊತ್ತಿನಲ್ಲಿ, ಯಾವುದರೊಡನೆ ಕುಡಿದದ್ದು ಎಂಬುದನ್ನು ಮಾತ್ರ ನಾವು ಅಷ್ಟಾಗಿ ವಿಚಾರಿಸುವುದಿಲ್ಲ.

ಮೊದಲು ಫಿಲ್ಟರಿನ ವಿಷಯ. ಕಾಫಿ ಬೀಜದ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಸಂಯುಕ್ತವು ರಕ್ತದ ಎಲ್‌ಡಿಎಲ್ ಕೊಲೆಸ್ಟರಾಲನ್ನು ಏರಿಸುತ್ತದೆ. ಹೆಚ್ಚು ಕಾಫಿ ಕುಡಿಯುವವರಲ್ಲಿ ಕೊಲೆಸ್ಟರಾಲ್ ಹೆಚ್ಚಿರುವುದನ್ನು ನಾರ್ವೆಯ ಟ್ರೊಮ್ಸೊದ ಸಂಶೋಧಕರು 1983ರಲ್ಲಿ ವರದಿ ಮಾಡಿದಾಗ ಕಾರಣ ಸ್ಪಷ್ಟವಾಗಿರಲಿಲ್ಲ. ಅಲ್ಲಿ ಪುಡಿಯನ್ನು ನೀರಿನಲ್ಲಿಯೇ ಕುದಿಸಿ ಕುಡಿಯುವ ರೂಢಿಯಿತ್ತು. ಕಾಗದದಲ್ಲಿ ಸೋಸಿದರೆ ಕೆಫೆಸ್ಟಾಲ್ ಬಹುಪಾಲು ಅಲ್ಲಿಯೇ ಉಳಿಯುತ್ತದೆಂಬುದು ಆಮೇಲೆ ತಿಳಿಯಿತು. 1908ರಲ್ಲಿ ಮಗನ ನೋಟ್‌ಪುಸ್ತಕದ ಬ್ಲಾಟಿಂಗ್ ಕಾಗದದಿಂದ ಈ ಉಪಾಯವನ್ನು ಹೂಡಿದ ಡ್ರೆಸ್ಡೆನ್‌ನ ಗೃಹಿಣಿ ಮೆಲಿಟಾ ಬೆಂಟ್ಸ್ ಬಯಸಿದ್ದು ಕಹಿಯೂ ಚರಟವೂ ತೊಲಗಲೆಂದಷ್ಟೇ. ನಮ್ಮ ಲೋಹದ ಫಿಲ್ಟರಿನ ರಂಧ್ರಗಳು ಚರಟವನ್ನು ತಡೆಯುತ್ತವೆ, ಎಣ್ಣೆಯನ್ನು ತಡೆಯಲಾರವು. ಎಸ್ಪ್ರೆಸೊದ ಕಥೆಯೂ ಇದೇ. ಒಂದೆರಡು ಲೋಟಗಳಿಗೆ ಅಂಜಬೇಕಿಲ್ಲ. ಆದರೆ ಹೃದ್ರೋಗವು ಬೇಗನೆ ಕಾಣಿಸಿಕೊಳ್ಳುವ ಜನ ನಾವು; ದಿನಕ್ಕೆ ಐದಾರು ಲೋಟ ಕುಡಿಯುವವರ ಕೊಲೆಸ್ಟರಾಲ್ ಇಳಿಯದೆ ಹಟ ಹಿಡಿದಿದ್ದರೆ, ಡಿಕಾಕ್ಷನ್ನನ್ನು ಕಾಗದದಲ್ಲಿ ಮತ್ತೊಮ್ಮೆ ಸೋಸಿ ನೋಡಬಹುದು. ರುಚಿ ತುಸು ತೆಳುವಾಗುತ್ತದೆ, ನಿಜ.

‘ಸ್ಟ್ರಾಂಗ್’ ಎಂಬ ಮಾತೂ ದಾರಿ ತಪ್ಪಿಸುತ್ತದೆ. ಚಿಕೋರಿ ಬೇರು ಬಣ್ಣವನ್ನೂ ಕಹಿಯನ್ನೂ ಕೊಡುತ್ತದೆ. ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಕೊಡಗಿನಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟಾದಲ್ಲಾದರೋ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ.

ಕೆಫೀನ್ ದೇಹಕ್ಕೆ ಶಕ್ತಿಯನ್ನು ಕೊಡುವುದಿಲ್ಲ. ದಣಿವಿನ ಸಂದೇಶವನ್ನು ಹೊತ್ತ ಅಡೆನೊಸಿನ್ ಮಿದುಳಿನಲ್ಲಿ ಕೂರುವ ಜಾಗವನ್ನು ತಾನು ಆಕ್ರಮಿಸುತ್ತದೆ, ಅಷ್ಟೆ. ಕುಡಿದದ್ದರಲ್ಲಿ ಅರ್ಧಭಾಗ ಕರಗಲು ಸಾಮಾನ್ಯವಾಗಿ 5 ಗಂಟೆ ಬೇಕು. ಸಂಜೆ 4ರ ಕಾಫಿಯ ಕಾಲುಭಾಗ ರಾತ್ರಿ 2ಕ್ಕೂ ರಕ್ತದಲ್ಲಿರುತ್ತದೆ. ಇದನ್ನು ಒಡೆಯುವ ಯಕೃತ್ತಿನ ಕಿಣ್ವದ ವೇಗ ಎಲ್ಲರಲ್ಲೂ ಒಂದೇ ಅಲ್ಲ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಈ ಅವಧಿ ಸುಮಾರು ಇಮ್ಮಡಿ, ಗರ್ಭಿಣಿಯರ ಕೊನೆಯ ತಿಂಗಳುಗಳಲ್ಲಿ 15 ಗಂಟೆಯವರೆಗೂ ಹೋಗಬಹುದು. ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಮಿತಿಯಾದರೆ ಗರ್ಭಿಣಿಯರಿಗೆ 200 ಎಂದಿರುವುದು ಮುಖ್ಯವಾಗಿ ಶಿಶುವಿನ ಸುರಕ್ಷತೆಗಾಗಿ. ಧೂಮಪಾನವು ಈ ಕಿಣ್ವವನ್ನು ಚುರುಕುಗೊಳಿಸುತ್ತದೆ. ಸಿಗರೇಟು ಬಿಟ್ಟ ವಾರದಲ್ಲಿ ಅದೇ ಹಳೆಯ ಕಾಫಿಯಿಂದ ಎದೆ ಡವಗುಟ್ಟಿ ಕೈ ನಡುಗಿದರೆ, ಅದು ಸಿಗರೇಟಿನ ಹಂಬಲವೇ ಆಗಿರಬೇಕಿಲ್ಲ.

ಮಕ್ಕಳ ಮನೆಗೆಂದು ಮೈಸೂರಿನಿಂದ ಬಂದಿದ್ದ ತಾಯಿಯೊಬ್ಬರ ಥೈರಾಯ್ಡ್ ಪರೀಕ್ಷೆಯ ಫಲಿತಾಂಶ ಹಿಡಿತಕ್ಕೆ ಬರಲೊಲ್ಲದು. ಮಾತ್ರೆಯ ಪ್ರಮಾಣವನ್ನು ನಾನು ಎರಡು ಬಾರಿ ಏರಿಸಿದೆ. ಮೂರನೆಯ ಭೇಟಿಯಲ್ಲಿ, “ಮಾತ್ರೆಯನ್ನು ಯಾವುದರೊಂದಿಗೆ ನುಂಗುತ್ತೀರಮ್ಮ?” ಎಂದು ಕೇಳಿದೆ. “ಕಾಫಿ ಜೊತೆಗೇ, ಡಾಕ್ಟ್ರೇ. ಖಾಲಿ ಹೊಟ್ಟೇಲಿ ಅಂತ ನೀವೇ ಹೇಳಿದ್ರಲ್ಲ!” ಥೈರಾಕ್ಸಿನ್ ಕರುಳಿನಲ್ಲಿ ಹೀರಲ್ಪಡುವುದಕ್ಕೆ ಕಾಫಿ ಅಡ್ಡಬರುತ್ತದೆ, ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಕಾಯಬೇಕು. ಅವರು ಹಾಗೆ ಮಾಡಿದ ಮೇಲೆ ಪ್ರಮಾಣವನ್ನು ಇಳಿಸಬೇಕಾಯಿತು. ತಪ್ಪು ಕೇಳದಿದ್ದ ನನ್ನದು.

ಕಬ್ಬಿಣಾಂಶದ ಕೊರತೆಯಿರುವ ಸಸ್ಯಾಹಾರಿ ಹೆಣ್ಣುಮಕ್ಕಳಿಗೂ ಇಂಥದೇ ಒಂದು ಮಾತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಕಬ್ಬಿಣದ ಹೀರಿಕೆಯನ್ನು ಕುಗ್ಗಿಸುವುದಿಲ್ಲ. ಊಟದೊಂದಿಗೆ ಕುಡಿದರೂ, ಊಟವಾಗಿ ಒಂದು ಗಂಟೆಯ ಮೇಲೆ ಕುಡಿದರೂ ಕುಗ್ಗಿಸುತ್ತದೆ. ನಮ್ಮಲ್ಲಿ ಇಡ್ಲಿಯ ತಟ್ಟೆ ತೆಗೆಯುವ ಮೊದಲೇ ಲೋಟ ಬಂದಿರುತ್ತದೆ.