ಬರಿಯ ರಂಗವೂ ನಟನ ಹೆಜ್ಜೆಯೂ

ನಟನು ರಂಗದ ಮೇಲೆ ಹೇಗೆ ನಡೆಯಬೇಕು, ಕೈಯನ್ನು ಹೇಗೆ ಬಳಸಬೇಕು ಎಂಬ ಪ್ರಶ್ನೆಗೆ ಭರತನ ನಾಟ್ಯಶಾಸ್ತ್ರ ನೀಡುವ ಉತ್ತರ ಮೊದಲ ಓದಿಗೆ ನಮ್ಮನ್ನು ಬೆದರಿಸುತ್ತದೆ. ಶಿರೋಭೇದಗಳು 13, ದೃಷ್ಟಿಗಳು 36, ಒಂಟಿ ಹಸ್ತಗಳು 24, ಜೋಡಿ ಹಸ್ತಗಳು 13, ಕಾಲಿನ ಚಾರಿಗಳು 32. ಹೆಜ್ಜೆಗೂ ಅಳತೆಯುಂಟು. ದೇವತೆಗಳಿಗೂ ಅರಸರಿಗೂ ನಾಲ್ಕು ತಾಲ, ಅಂದರೆ ಸುಮಾರು ನಾಲ್ಕು ಗೇಣು. ಮಧ್ಯಮ ಪಾತ್ರಗಳಿಗೆ ಎರಡು. ಸ್ತ್ರೀಯರಿಗೂ ಕೆಳವರ್ಗದವರಿಗೂ ಒಂದು. ಸಮಾಜದ ಮೇಲು–ಕೀಳುಗಳನ್ನು ಕಾಲಿನ ಅಳತೆಗೆ ಇಳಿಸಿದ ಈ ಪಟ್ಟಿಯನ್ನು ಇಂದಿನ ನಟ ಸಂಕೋಲೆಯೆಂದು ಬಗೆದರೆ ಆಶ್ಚರ್ಯವಿಲ್ಲ.

ಆದರೆ ಈ ನಿಯಮಗಳು ಯಾವ ರಂಗಕ್ಕಾಗಿ ಹುಟ್ಟಿದವೆಂಬುದನ್ನು ನಾವು ಮರೆಯಲಾಗದು. ಅಲ್ಲಿ ಮನೆಯಿಲ್ಲ, ಕಾಡಿಲ್ಲ, ರಥವಿಲ್ಲ. ಕಕ್ಷ್ಯಾವಿಭಾಗವೆಂಬ ಕಟ್ಟಳೆಯಂತೆ ನಟನು ರಂಗವನ್ನು ಒಂದು ಸುತ್ತು ಬಂದರೆ ಸ್ಥಳ ಬದಲಾಯಿತು. ಮೊದಲು ಪ್ರವೇಶಿಸಿದವರು ಒಳಗಿನವರು, ಆಮೇಲೆ ಬಂದವರು ಹೊರಗಿನವರು. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ರಥದ ವೇಗವನ್ನೂ ಗಿಡಗಳಿಗೆ ನೀರೆರೆಯುವುದನ್ನೂ ದುಂಬಿಯ ಕಾಟವನ್ನೂ ಅಭಿನಯದಿಂದಲೇ ತೋರಿಸಬೇಕೆಂದು ರಂಗಸೂಚನೆಗಳು ಹೇಳುತ್ತವೆ. ಅಳತೆಯ ಹೆಜ್ಜೆ ಕೇವಲ ಅಲಂಕಾರವಲ್ಲ. ಪ್ರೇಕ್ಷಕನೊಡನೆ ಮಾಡಿಕೊಂಡ ಒಪ್ಪಂದ.

ಕನ್ನಡ ನಾಡಿನಲ್ಲಿ ಈ ಒಪ್ಪಂದವನ್ನು ಯಕ್ಷಗಾನ ಬಿಡಲಿಲ್ಲ. ಭಾಗವತರ ಒಂದು ಪದ್ಯ, ಒಂದಿಷ್ಟು ಪ್ರಯಾಣಕುಣಿತ – ಅಷ್ಟರಲ್ಲಿ ವೀರನು ಮತ್ತೊಂದು ರಾಜ್ಯವನ್ನು ತಲುಪಿರುತ್ತಾನೆ. ಕಂಪನಿ ನಾಟಕಗಳ ಬಗೆ ಬೇರೆ. ಬಣ್ಣದ ಪರದೆಯೇ ಕಾಡನ್ನೂ ಅರಮನೆಯನ್ನೂ ತೋರಿಸುತ್ತಿದ್ದುದರಿಂದ ಸ್ಥಳವನ್ನು ಕಟ್ಟುವ ಹೊಣೆ ನಟನ ದೇಹದಿಂದ ಜಾರಿತು. 1918ರಲ್ಲಿ ಬಂದ ಕೈಲಾಸಂ ಅವರ ‘ಟೊಳ್ಳು–ಗಟ್ಟಿ’ ಮಧ್ಯಮವರ್ಗದ ಮನೆಯನ್ನು ರಂಗಕ್ಕೆ ತಂದಿತು. ನಟನಿಗೆ ದಿನಬಳಕೆಯ ಮಾತು, ದಿನಬಳಕೆಯ ಕೈ ದೊರೆತವು. ಅದು ದೊಡ್ಡ ಲಾಭ. ಆದರೆ ಮನೆಯ ಗೋಡೆಗಳ ನಡುವೆ ಕುಳಿತ ನಟನಿಗೆ ನಡೆಯುವ ಅಗತ್ಯವೇ ಕಡಿಮೆಯಾಯಿತು.

ಸಾಮಾಜಿಕ ನಾಟಕಗಳ ಕರ್ತೃವಾದ ಶ್ರೀರಂಗರೇ ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದರೆಂಬುದು ಇಲ್ಲಿ ಗಮನಾರ್ಹ. ಸಹಜಾಭಿನಯಕ್ಕೂ ಶಾಸ್ತ್ರಕ್ಕೂ ಹುಟ್ಟುದ್ವೇಷವಿಲ್ಲ. ಭರತನೇ ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ದಾರಿಗಳನ್ನು ಹೇಳಿದ್ದಾನೆ. ಲೋಕ, ವೇದ, ಅಧ್ಯಾತ್ಮವೆಂಬ ಮೂರು ಪ್ರಮಾಣಗಳನ್ನು ಎಣಿಸಿ, ತಾನು ಹೇಳದೆ ಬಿಟ್ಟುದನ್ನು ಲೋಕದಿಂದಲೇ ಕಲಿಯಬೇಕೆಂದಿದ್ದಾನೆ. ಹಾಗಿರುವಾಗ ಮೇಲು–ಕೀಳಿನ ಹೆಜ್ಜೆಯಳತೆಯನ್ನು ಇಂದಿನ ಲೋಕದ ಮುಂದಿಟ್ಟು ತಿದ್ದುವ ಅಧಿಕಾರವೂ ನಮಗೆ ಆ ಗ್ರಂಥದಿಂದಲೇ ದೊರೆಯುತ್ತದೆಂದು ನಾವು ಭಾವಿಸುತ್ತೇವೆ.

1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲುರಂಗದಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಾಟಕಗಳನ್ನಾಡಿಸಿದಾಗ ನಟರು ಮನೆಯ ಗೋಡೆಗಳಿಂದ ಹೊರಬಂದರು. ಗುಂಪಿನ ಚಲನೆ, ಹಾಡು, ಕುಣಿತಗಳಿಗೆ ಆಧುನಿಕ ಕನ್ನಡ ರಂಗದಲ್ಲಿ ಮತ್ತೆ ಸ್ಥಾನ ದೊರೆಯಿತು.

ಈ ಇತಿಹಾಸ ಹೊರನಾಡಿನ ನಮ್ಮ ಹವ್ಯಾಸಿ ತಂಡಗಳಿಗೆ ಹತ್ತಿರದ್ದು. ಬಾಡಿಗೆಯ ಸಭಾಂಗಣ ಕೆಲವೇ ಗಂಟೆ ಕೈಯಲ್ಲಿರುತ್ತದೆ. ರಂಗಸಜ್ಜಿಕೆಗೆ ಹಣ ಸಾಲದು. ಆಗ ಬಡತನವನ್ನು ಹಳಿಯುವ ಬದಲು, ನಮ್ಮ ನಟರು ಮಾತನ್ನು ಕಂಠಪಾಠ ಮಾಡುವಷ್ಟೇ ಶ್ರದ್ಧೆಯಿಂದ ನಡಿಗೆಯನ್ನೂ ಅಭ್ಯಾಸ ಮಾಡಲಿ. ಬರಿಯ ರಂಗದಲ್ಲಿ ಊರು ಕಟ್ಟುವ ವಿದ್ಯೆ ನಮ್ಮಲ್ಲಿ ಹಿಂದಿನಿಂದಲೂ ಇದೆ.